ಜಗತಿಗೆ ಎಷ್ಟು ಮೆಟ್ಟಿಲು?

ಅರಸೀಕೆರೆಯಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಅಷ್ಟರೊಳಗೆ ವೀಲ್‌ಚೇರ್ ಇಳಿಯಬೇಕು, ಚೀಲ ಇಳಿಯಬೇಕು, ಕೊನೆಗೆ ನಮ್ಮ ಯಜಮಾನರು ಇಳಿಯಬೇಕು. ಈ ಕ್ರಮ ಹಿಂದುಮುಂದಾಗುವಂತಿಲ್ಲ. ಏನನ್ನಾದರೂ ಹಿಡಿದುಕೊಂಡು ಒಂದೆರಡು ನಿಮಿಷ ನಿಲ್ಲಬಲ್ಲರು, ಅದಕ್ಕಿಂತ ಹೆಚ್ಚು ಆಗದು. ತಿಪಟೂರು ದಾಟುತ್ತಿದ್ದಂತೆಯೇ ಬಾಗಿಲ ಹತ್ತಿರ ಬಂದು ಕಾಯತೊಡಗಿದ್ದೆವು. ಎತ್ತರಿಸಿದ ಪ್ಲಾಟ್‌ಫಾರಂ ಹಳಿಯಿಂದ 76ರಿಂದ 84 ಸೆಂಟಿಮೀಟರ್ ಮೇಲಿರುತ್ತದೆ. ಬೋಗಿಯ ನೆಲ ಅದಕ್ಕಿಂತ ಇನ್ನೂ ಒಂದಡಿಗೂ ಹೆಚ್ಚು ಮೇಲೆ. ನಡೆಯುವವರಿಗೆ ಅದು ಒಂದು ಹೆಜ್ಜೆ. ನಮಗೆ ಇಬ್ಬರು ಗಟ್ಟಿ ಆಳು ಬೇಕಾದ ಕೆಲಸ. ಎದುರು ಸೀಟಿನ ಕಾಲೇಜು ಹುಡುಗರಿಬ್ಬರು ತಾವಾಗಿಯೇ ಎದ್ದು ಬಂದರು. ಒಬ್ಬ ಕೆಳಗೆ, ಒಬ್ಬ ಮೇಲೆ. ಇವರು ಬಾಗಿಲ ಕಂಬಿ ಹಿಡಿದು ನಿಂತು, ತಿರುಗಿ, ಕುರ್ಚಿಗೆ ಕೂತಾಗ ರೈಲು ಇನ್ನೂ ಅಲ್ಲೇ ಇತ್ತು.

ರೈಲ್ವೆಯ ಟಿಕೆಟ್ಟಿನ ವಿಷಯದಲ್ಲಿ ದೂರುವಂಥದ್ದೇನಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಸ್ಲೀಪರ್, ಥರ್ಡ್ ಎಸಿ, ಚೇರ್ ಕಾರ್‌ಗಳಲ್ಲಿ ಇವರಿಗೂ, ಜೊತೆಗೆ ಹೋಗುವ ನನಗೂ ಸಾಮಾನ್ಯವಾಗಿ ಮುಕ್ಕಾಲು ಪಾಲು ರಿಯಾಯಿತಿ. ಹಣ ಉಳಿಯುತ್ತದೆ, ಆ ಒಂದಡಿ ಹಾಗೇ ಉಳಿಯುತ್ತದೆ.

ಇಷ್ಟಕ್ಕೂ ನಾವು ಹೋಗಬೇಕಿದ್ದದ್ದು ಹಡಗಿನಲ್ಲಿ. ವಿದೇಶದಲ್ಲಿರುವ ಮಗಳ ಆಸೆ ಅದು. ಹಡಗೆಂದರೆ ಅನುಕೂಲ, ಒಮ್ಮೆ ಬಟ್ಟೆ ಜೋಡಿಸಿಟ್ಟರೆ ಆಯಿತು, ಕೋಣೆಯೇ ಊರಿಂದ ಊರಿಗೆ ಹೋಗುತ್ತದೆ, ಎಲ್ಲಾ ಅಂತಸ್ತಿಗೂ ಲಿಫ್ಟ್ ಇರುತ್ತದೆ ಎಂದಳು. ವಿಚಾರಿಸುತ್ತಾ ಹೋದರೆ ಅಲ್ಲಿಯೂ ಇಂಥದ್ದೇ ಸಂಗತಿಗಳು. ವೀಲ್‌ಚೇರ್ ಒಳಗೆ ತಿರುಗುವಂಥ ಅಗಲ ಬಾಗಿಲಿನ ಕೋಣೆಗಳು ಒಂದೊಂದು ಹಡಗಿನಲ್ಲೂ ಕೆಲವೇ ಇರುತ್ತವೆ, ಬಹಳ ಮುಂಚೆಯೇ ಹೋಗಿಬಿಡುತ್ತವೆ. ಕೆಲವು ಊರುಗಳಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಸಮುದ್ರದಲ್ಲೇ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ದಡ ಮುಟ್ಟಿಸುತ್ತಾರೆ. ವೀಲ್‌ಚೇರಿನವರು ಎಷ್ಟೋ ಸಲ ಹಡಗಿನಲ್ಲೇ ಉಳಿಯಬೇಕಾಗುತ್ತದೆ. ಇವರು ಎಲ್ಲವನ್ನೂ ಕೇಳಿ, "ಅಷ್ಟು ದುಡ್ಡು ಸುರಿದು ದೂರದಿಂದ ಊರು ನೋಡೋದು ಯಾಕೆ? ಮೊದಲು ಅರಸೀಕೆರೆ ನೋಡೋಣ. ಅಲ್ಲಿನ ಈಶ್ವರ ಗುಡಿಯ ನಕ್ಷೆ ಪುಸ್ತಕದಲ್ಲೇ ನೋಡಿದ್ದು. ಹಾಗೇ ಹಳೇಬೀಡು, ಬೇಲೂರು. ದೋಣಿ ಬೇಕಾದ್ರೆ ಯಗಚಿ ಜಲಾಶಯ ಇದೆಯಲ್ಲ" ಅಂದರು. ನೌಕರಿಯುದ್ದಕ್ಕೂ ಕಟ್ಟಡಗಳ ನಕ್ಷೆ ಬರೆದವರು. ಕಾಲು ಸೋತ ಮೇಲೂ ಚೀಲದಲ್ಲಿ ಅಳತೆ ಟೇಪು ತಪ್ಪಿಲ್ಲ.

ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಬಹಳ ಜನ ಬರುವುದಿಲ್ಲ. ಬೇಲೂರು-ಹಳೇಬೀಡಿಗೆ ಹೋಗುವವರು ಈ ಊರನ್ನು ರೈಲು ಬದಲಿಸುವ ಜಾಗವೆಂದಷ್ಟೇ ಬಲ್ಲರು. ಸುಮಾರು 1220ರ ಗುಡಿ. ಶಿಲ್ಪಗಳ ಸಂಖ್ಯೆಯಲ್ಲಿ ಉಳಿದೆರಡರ ಹತ್ತಿರಕ್ಕೂ ಬಾರದು. ಇದರ ಹೆಚ್ಚುಗಾರಿಕೆ ಇರುವುದು ನೆಲದ ನಕ್ಷೆಯಲ್ಲಿ. ಮುಂದಿನ ತೆರೆದ ಮಂಟಪ ಹದಿನಾರು ಮೂಲೆಯ ನಕ್ಷತ್ರ. ಗರ್ಭಗುಡಿಯ ಭಾಗವೂ ನಕ್ಷತ್ರವೇ, ಆದರೆ ಸಮವಾದದ್ದಲ್ಲ, ಅದರ ಮೂಲೆಗಳಲ್ಲೇ ಮೂರು ಬಗೆ. ನಾನು ಒಳಗೆ ಹೋಗುವುದು ಹೇಗೆಂದು ನೋಡುತ್ತಿದ್ದರೆ ಇವರು ಹೊರಗೇ ಕುರ್ಚಿ ತಿರುಗಿಸಿಕೊಂಡು ಹೊರಟಿದ್ದರು.

"ಒಂದು ಚೌಕ ಬರಿ. ನಡುವಿಗೆ ಗೂಟ ಹೊಡೆದ ಹಾಗೆ ಇಟ್ಕೊಂಡು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸು, ಮತ್ತೆ ಬರಿ. ಹೀಗೆ ನಾಲ್ಕು ಚೌಕ. ಎಷ್ಟು ಮೂಲೆ ಆಯ್ತು?"

"ಹದಿನಾರು."

"ಅಷ್ಟೇ ಕಣೇ ಗುಟ್ಟು."

ಅಂದಿನ ಸ್ಥಪತಿ ಹೀಗೇ ಮಾಡಿದನೋ, ಹಗ್ಗ-ಗೂಟದ ಬೇರೆ ಉಪಾಯವಿತ್ತೋ ನನಗೆ ತಿಳಿಯದು. ಇವರಿಗೂ ಖಚಿತವಿಲ್ಲ, ಆದರೆ ಹೇಳುವ ದನಿಯಲ್ಲಿ ಅದು ಕಾಣುವುದಿಲ್ಲ. ಬೇಲೂರಿನಲ್ಲಿರುವಂಥ ದೊಡ್ಡ ಜಗತಿ, ಅಂದರೆ ಗುಡಿ ನಿಲ್ಲುವ ಕಟ್ಟೆ, ಇಲ್ಲಿಲ್ಲವಾದ್ದರಿಂದ ನೆಲದ ಮೇಲೆಯೇ ಗುಡಿಯನ್ನು ಸುತ್ತಬಹುದು. ಸುತ್ತಿದಾಗಲೇ ಈ ನಕ್ಷೆ ಅರ್ಥವಾಗುವುದು. ಗೋಡೆ ಚಾಚುತ್ತದೆ, ಒಳಸರಿಯುತ್ತದೆ, ಮತ್ತೆ ಚಾಚುತ್ತದೆ. ನಾವು ಪಕ್ಕದ ಜೋಡಿಗುಡಿಯನ್ನೂ ಒಂದು ಸುತ್ತು ಹಾಕಿ ಹೊರಟೆವು. ಮಂಟಪದೊಳಗಿನ ಗುಮ್ಮಟದಂಥ ಚಾವಣಿಯನ್ನು ನಾನೊಬ್ಬಳೇ ನೋಡಿ ಬಂದೆ. ಇವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಗಿನ ಲೆಕ್ಕದಲ್ಲೇ ಮುಳುಗಿದ್ದರು.

ಕಾರಿನ ಬಗ್ಗೆ ಒಂದು ಮಾತು ಹೇಳಬೇಕು. ಬಾಡಿಗೆ ಕಾರು ಗೊತ್ತುಮಾಡುವಾಗ ಎಲ್ಲರೂ ಎಸಿ ಇದೆಯೇ ಎಂದು ಕೇಳುತ್ತಾರೆ. ನಾನು ಕೇಳುವುದು ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆಯೇ ಎಂದು. ಇದ್ದರೆ ವೀಲ್‌ಚೇರಿಗೆ ಜಾಗವಿಲ್ಲ. ಎರಡನೆಯದು ಸೀಟಿನ ಎತ್ತರ. ದೊಡ್ಡ ಗಾಡಿ ಮಾಡಿ, ಆರಾಮ ಎಂದು ಜನ ಹೇಳುತ್ತಾರೆ. ದೊಡ್ಡ ಗಾಡಿಯ ಸೀಟು ಎದೆಮಟ್ಟದಲ್ಲಿರುತ್ತದೆ, ಅಲ್ಲಿಗೆ ಇವರನ್ನು ಹತ್ತಿಸುವವರು ಯಾರು? ವೀಲ್‌ಚೇರಿನ ಸೀಟು ನೆಲದಿಂದ ಒಂದೂವರೆ ಅಡಿಗೆ ತುಸು ಹೆಚ್ಚು. ಕಾರಿನ ಸೀಟೂ ಆಸುಪಾಸು ಅಷ್ಟೇ ಇದ್ದರೆ ನುಣುಪಾದ ಹಲಗೆಯೊಂದನ್ನು ನಡುವೆ ಇಟ್ಟು ಸರಿದುಕೊಳ್ಳಬಹುದು. ಡ್ರೈವರ್ ಹುಡುಗನಿಗೆ ಇದು ಹೊಸದು. ಮೊದಲು ಸುಮ್ಮನೆ ನೋಡುತ್ತಿದ್ದವನು ಆಮೇಲೆ, "ಅಮ್ಮ, ಹಲಗೆ ನಾನಿಡ್ತೀನಿ, ನೀವು ಸಾರ್‌ನ ನೋಡ್ಕೊಳ್ಳಿ" ಎಂದು ಕೆಲಸ ಹಂಚಿಕೊಂಡ.

ಜಾವಗಲ್ ದಾಟಿ ಹಳೇಬೀಡಿನ ಕಡೆಗೆ ಹೊರಟೆವು. ಎರಡೂ ಬದಿಗೆ ತೆಂಗು. ಮನೆಯ ಮುಂದೆಲ್ಲ ಕಾಯಿಯ ಸಿಪ್ಪೆಯ ಗುಡ್ಡೆ. ಇವರು ಬೆಳಗಿನಿಂದ ಸರಿಯಾಗಿ ನೀರು ಕುಡಿದಿರಲಿಲ್ಲ. ಪ್ರಯಾಣದ ದಿನ ಯಾವಾಗಲೂ ಹೀಗೆ. ಕುಡಿದರೆ ಹೋಗಬೇಕು, ಹೋಗಲು ಜಾಗ ಬೇಕು. ದಾರಿಯ ಹೋಟೆಲೊಂದರಲ್ಲಿ ಶೌಚಾಲಯ ಹಿಂದುಗಡೆ, ಅಡುಗೆಮನೆಯ ಪಕ್ಕದ ಓಣಿಯಲ್ಲಿ, ಮೂರು ಮೆಟ್ಟಿಲಿನ ಮೇಲೆ. ಚೀಲದಲ್ಲಿ ಯೂರಿನ್ ಕ್ಯಾನ್ ಇತ್ತು, ಕಾರಿನ ಕಿಟಕಿಗೆ ಕಟ್ಟಲು ಟವೆಲ್ ಇತ್ತು, ತೆಂಗಿನ ತೋಟದ ನೆರಳಿತ್ತು. ಪ್ರವಾಸ ಲೇಖನಗಳಲ್ಲಿ ಯಾರೂ ಇದನ್ನು ಬರೆಯುವುದಿಲ್ಲ. ಆದರೆ ವೀಲ್‌ಚೇರಿನವರ ಪ್ರವಾಸ ನಿರ್ಧಾರವಾಗುವುದು ಮುಕ್ಕಾಲು ಪಾಲು ಇದರ ಮೇಲೇ.

ಹಳೇಬೀಡಿನ ಹೊಯ್ಸಳೇಶ್ವರ ಮೊದಲ ನೋಟಕ್ಕೆ ಗಿಡ್ಡ. ಶಿಖರಗಳಿಲ್ಲ. ಹಸಿರು ಹಾಸಿನ ಆಚೆಗೆ ಉದ್ದಕ್ಕೆ ಹರಡಿಕೊಂಡಿದೆ. ಹೊಯ್ಸಳ ಅರಸ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ 1121ರ ಸುಮಾರಿಗೆ ಕಟ್ಟಿಸಲು ತೊಡಗಿದ ಜೋಡಿಗುಡಿ. ಒಂದು ಅರಸನ ಹೆಸರಿನ ಲಿಂಗಕ್ಕೆ, ಇನ್ನೊಂದು ರಾಣಿ ಶಾಂತಲೆಯ ಹೆಸರಿನದಕ್ಕೆ. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ, ಬಂದದ್ದು ಇತಿಹಾಸ. ಬೇಲೂರು, ಸೋಮನಾಥಪುರಗಳ ಜೊತೆಗೆ ಇದು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಚಪ್ಪಲಿ ಬಿಡುವಲ್ಲಿ ಸಣ್ಣ ಪ್ರಶ್ನೆ ಎದ್ದಿತು: ವೀಲ್‌ಚೇರಿನ ಚಕ್ರ ಚಪ್ಪಲಿಯ ಲೆಕ್ಕವೋ ಅಲ್ಲವೋ? ನಾನು ಒಂದು ಒದ್ದೆ ಬಟ್ಟೆ ಇಟ್ಟುಕೊಂಡಿರುತ್ತೇನೆ. ಯಾರಾದರೂ ಕೇಳುವ ಮೊದಲೇ ನಾಲ್ಕೂ ಚಕ್ರ ಒರೆಸಿಬಿಟ್ಟರೆ ಚರ್ಚೆಗೆ ಅವಕಾಶ ಇರುವುದಿಲ್ಲ.

ಆಮೇಲೆ ಜಗತಿ. ಹೊಯ್ಸಳರ ದೊಡ್ಡ ಗುಡಿಗಳಲ್ಲಿ ಹೆಚ್ಚಿನವು ಒಂದು ಎತ್ತರದ ಕಟ್ಟೆಯ ಮೇಲೆ ನಿಂತಿವೆ. ಗುಡಿಯ ಗೋಡೆ ಎಲ್ಲೆಲ್ಲಿ ಮಡಚಿದೆಯೋ ಕಟ್ಟೆಯ ಅಂಚೂ ಅಲ್ಲಲ್ಲಿ ಮಡಚುತ್ತದೆ. ಗುಡಿಯೊಳಗೆ ಪ್ರದಕ್ಷಿಣೆಗೆ ದಾರಿಯಿಲ್ಲ, ಈ ಕಟ್ಟೆಯೇ ಪ್ರದಕ್ಷಿಣೆಯ ದಾರಿ. ಅಂದರೆ ಮೇಲಕ್ಕೆ ಹತ್ತಿದರೆ ಮಾತ್ರ ಶಿಲ್ಪ ಹತ್ತಿರ. ಎತ್ತಲು ಜನರಿಗೆ ಕೊರತೆಯಾಗಲಿಲ್ಲ. ನಮ್ಮ ಊರುಗಳಲ್ಲಿ ಅದಕ್ಕೆ ಎಂದೂ ಕೊರತೆಯಿಲ್ಲ. ಕೊರತೆ ಇರುವುದು ಎಲ್ಲಿ ಹಿಡಿಯಬೇಕೆಂಬ ತಿಳಿವಳಿಕೆಗೆ. "ಹಿಡೀರಿ, ಹಿಡೀರಿ" ಎಂದು ನಾಲ್ಕು ಜನ ನಾಲ್ಕು ಕಡೆ ಕೈಹಾಕಿದರು. ಒಬ್ಬರು ಕೈಯಿಡುವ ಪಟ್ಟಿಯನ್ನು ಹಿಡಿದರು, ಅದು ಕಳಚಿ ಬರುತ್ತದೆ. ಇನ್ನೊಬ್ಬರು ಕಾಲಿಡುವ ತಟ್ಟೆಯನ್ನು, ಅದೂ ಕಳಚಿ ಬರುತ್ತದೆ. ನಾನು ಗಟ್ಟಿಯಾಗಿ ಕೂಗಿ ಎಲ್ಲರನ್ನೂ ನಿಲ್ಲಿಸಿದೆ. ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗಿರಬೇಕು. ಒಬ್ಬರು ಮೇಲಿನ ಮೆಟ್ಟಿಲಲ್ಲಿ ನಿಂತು ಹಿಂದಿನ ಹಿಡಿಕೆ ಹಿಡಿದು ಕುರ್ಚಿಯನ್ನು ಹಿಂದಕ್ಕೆ ವಾಲಿಸಬೇಕು. ಇಬ್ಬರು ಕೆಳಗಿನಿಂದ ಅಲುಗಾಡದ ಕಬ್ಬಿಣದ ಚೌಕಟ್ಟನ್ನೇ ಹಿಡಿಯಬೇಕು. ದೊಡ್ಡ ಚಕ್ರ ಮೆಟ್ಟಿಲಿಗೆ ತಾಗಿದ ಮೇಲೆ ಎಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು. ಒಬ್ಬರೇ ಎಣಿಸಬೇಕು. ಎಲ್ಲರೂ ಎಣಿಸಿದರೆ ಯಾರ ಮೂರಕ್ಕೆ ಎತ್ತುವುದೆಂದು ತಿಳಿಯುವುದಿಲ್ಲ.

ಮೇಲೆ ಹತ್ತಿದ ಮೇಲೆ ನನಗೆ ಈ ಗುಡಿ ಬೇರೆಯಾಗಿಯೇ ಕಂಡಿತು. ಮದುವೆಯಾದ ಹೊಸತರಲ್ಲಿ ಒಮ್ಮೆ ಬಂದಿದ್ದೆವು. ಆಗ ಕತ್ತೆತ್ತಿ ದೊಡ್ಡ ವಿಗ್ರಹಗಳನ್ನೇ ನೋಡಿದ ನೆನಪು: ಕೈಲಾಸವನ್ನೆತ್ತುವ ರಾವಣ, ಗೋವರ್ಧನಧಾರಿ, ಕುಣಿಯುವ ಗಣಪ. ಗೈಡ್ ಬೆರಳು ತೋರಿಸಿದ ಕಡೆಗೆ ಎಲ್ಲರ ಮುಖ. ಈ ಸಲ ಕುರ್ಚಿ ತಳ್ಳುತ್ತಾ ನಾನೂ ಬಗ್ಗಿಯೇ ಇದ್ದೆ. ಕುಳಿತಾಗ ಇವರ ಕಣ್ಣಿನ ಮಟ್ಟ ನೆಲದಿಂದ ನಾಲ್ಕಡಿಗೆ ಸ್ವಲ್ಪ ಕಡಿಮೆ. ಆ ಮಟ್ಟದಲ್ಲಿ ದೇವರುಗಳಿಲ್ಲ, ಪಟ್ಟಿಕೆಗಳಿವೆ. ತಳದಲ್ಲಿ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ-ಮಹಾಭಾರತ-ಭಾಗವತದ ಕಥೆಗಳು, ಮಕರ, ಹಂಸ. ನಿಂತವರು ಕಥೆಯ ಪಟ್ಟಿಕೆಯನ್ನು ಮೇಲಿನಿಂದ ಕಣ್ಣಾಡಿಸಿ ದಾಟುತ್ತಾರೆ. ಕುಳಿತವರಿಗೆ ಅದು ನೇರ ಎದುರು.

ಇನ್ನೊಂದು ಸಂಗತಿ, ಗೋಡೆಯ ಆ ಮಡಿಕೆಗಳು. ಪ್ರತಿ ಮಡಿಕೆಯಲ್ಲೂ ಕುರ್ಚಿ ನಿಲ್ಲಿಸಿ, ಮುಂಚಕ್ರ ಎತ್ತಿ, ತಿರುಗಿಸಬೇಕು. ಕಲ್ಲಿನ ಹಾಸುಗಳ ಸಂದಿಯಲ್ಲಿ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ, ಆಗ ಹಿಮ್ಮುಖವಾಗಿ ಎಳೆದರೆ ಸುಲಭ. ಹೀಗಾಗಿ ನಮ್ಮದು ಬಸವನ ಹುಳುವಿನ ನಡಿಗೆ. ಗೈಡಿನ ಹಿಂದೆ ಬಂದ ಗುಂಪುಗಳು ನಮ್ಮನ್ನು ದಾಟಿ ಹೋದವು, ಅವರ ನಂತರದವರೂ ಹೋದರು. ಇವರು ಆನೆಗಳ ಸಾಲನ್ನು ಬಿಡಲೊಲ್ಲರು. ಒಂದರಂತೆ ಇನ್ನೊಂದಿಲ್ಲ ಎನ್ನುವುದು ಎಲ್ಲರೂ ಹೇಳುವ ಮಾತು, ಅದನ್ನು ಪರೀಕ್ಷಿಸಿಯೇ ತೀರಬೇಕೆಂದು ಕೂತರು. ಎಲ್ಲಿಯೋ ಲೆಕ್ಕ ತಪ್ಪಿ ಬಿಟ್ಟರು. ಭೀಷ್ಮ ಬಾಣಗಳ ಮೇಲೆ ಮಲಗಿದ್ದಾನೆ, ಅಭಿಮನ್ಯು ಚಕ್ರವ್ಯೂಹದೊಳಗಿದ್ದಾನೆ. "ನೋಡು, ವ್ಯೂಹದ ಪ್ಲಾನ್ ಮೇಲಿಂದ ನೋಡಿದ ಹಾಗೆ ಬರೆದಿದ್ದಾನೆ, ಆಳುಗಳನ್ನ ಮಾತ್ರ ಪಕ್ಕದಿಂದ ನೋಡಿದ ಹಾಗೆ. ನಾವು ಹೀಗೆ ನಕ್ಷೆ ಬರೆದಿದ್ರೆ ಸಾಹೇಬರು ಹರಿದು ಹಾಕ್ತಿದ್ರು."

ಕುಳಿತು ನೋಡುವುದೇ ಹೆಚ್ಚು ಎಂದು ನಾನು ಹೇಳಹೊರಟಿಲ್ಲ. ಮೇಲಿನ ಸಾಲಿನ ರಾವಣನನ್ನು ಕಾಣಲು ಇವರು ಕತ್ತು ನೋಯುವಷ್ಟು ಎತ್ತಬೇಕಾಯಿತು, ಹಿಂದೆ ಸರಿಯೋಣವೆಂದರೆ ಕಟ್ಟೆಯ ಅಂಚು. ಅಂಚಿಗೆ ತಡೆಯಿಲ್ಲದ ಕಡೆ ನಾನು ಬ್ರೇಕಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಒಳಗಡೆಗೆ ಮತ್ತೆ ಬಾಗಿಲು, ಹೊಸ್ತಿಲು. ದ್ವಾರಪಾಲಕರನ್ನು ಎದುರಿನಿಂದ ನೋಡಿ, ಒಳಗಿನ ಕತ್ತಲೆಗೆ ಕಣ್ಣು ಹೊಂದಿಸಿಕೊಂಡು, ಅಲ್ಲಿಂದಲೇ ಕೈಮುಗಿದರು. ಪೂರ್ವಕ್ಕೆ ಎರಡು ನಂದಿಮಂಟಪಗಳು; ಒಂದರ ಹಿಂದೆ ಸೂರ್ಯನ ಗುಡಿ. ಅಷ್ಟರಲ್ಲಿ ಕಲ್ಲು ಕಾದು, ನನ್ನ ಪಾದ ಸುಡತೊಡಗಿತ್ತು. ಇವರು ಕಾಲುಚೀಲ ಹಾಕಿದ ಕಾಲನ್ನು ತಟ್ಟೆಯ ಮೇಲಿಟ್ಟು ನೆಮ್ಮದಿಯಾಗಿದ್ದರು. ಆ ಹೊತ್ತಿನ ಮಟ್ಟಿಗೆ ಅನುಕೂಲ ಅವರದು.

ಇಳಿಸುವಾಗ ಬೇರೆ ನಾಲ್ವರು ಬಂದರು. ಈಗ ನನ್ನ ಪಾಠ ಚಿಕ್ಕದಾಗಿತ್ತು. ಇವರು ತೋಳು ಮಡಚಿಕೊಂಡು, "ನಿಧಾನಪ್ಪಾ, ನಾನೇನೂ ಕೈಲಾಸ ಅಲ್ಲ" ಅಂದರು. ಹುಡುಗರು ನಕ್ಕರು. ಒಬ್ಬ ನಗುತ್ತಾ ಹಿಡಿತ ಸಡಿಲಿಸಿದ. ಆಮೇಲೆ ತಮಾಷೆ ಬೇಡ ಎಂದು ಇಬ್ಬರಿಗೂ ಹೇಳಿದೆ.

ಅರ್ಧ ಕಿಲೋಮೀಟರಿನಾಚೆ ಬಸದಿಗಳಿವೆ. 1133ರ ಪಾರ್ಶ್ವನಾಥ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಮತ್ತೊಮ್ಮೆ ಎತ್ತಿಸಿಕೊಳ್ಳುವ ಮನಸ್ಸು ಇವರಿಗಿರಲಿಲ್ಲ. ಕಾರಿನಿಂದಲೇ ನೋಡಿ ಮುಂದೆ ಹೋದೆವು. ದಿನಕ್ಕೆ ಇಷ್ಟೇ ಸಲ ಎಂದು ಒಳಗೇ ಒಂದು ಮಿತಿ ಇದೆ, ಅದು ತೋಳಿನ ಶಕ್ತಿಯ ಮಾತಲ್ಲ. ಗೊತ್ತಿಲ್ಲದವರ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ, ಅವರ ಕೈಯಲ್ಲಿ ತೂಗಾಡುತ್ತಾ ಇರುವುದು ಹೇಗಿರುತ್ತದೆ ಎಂದು ನನಗೆ ತಿಳಿಯದು. ಇವರು ಅದರ ಬಗ್ಗೆ ಮಾತಾಡುವುದು ಕಡಿಮೆ.

ಬೇಲೂರಿಗೆ 16 ಕಿಲೋಮೀಟರ್. ರಾತ್ರಿ ಉಳಿಯಲು ಗೊತ್ತುಮಾಡಿದ ವಸತಿಗೆ ಮೊದಲೇ ಫೋನ್ ಮಾಡಿ ಮೆಟ್ಟಿಲಿದೆಯೇ ಎಂದು ಕೇಳಿದ್ದೆ. ಇಲ್ಲ ಎಂದಿದ್ದರು. ಹೋಗಿ ನೋಡಿದರೆ ಬಾಗಿಲಿಗೆ ಎರಡು. "ಎರಡೇ ಅಲ್ವಾ ಅಮ್ಮಾ" ಎಂದು ಅವರೂ ನಿಜವಾಗಿ ಆಶ್ಚರ್ಯಪಟ್ಟರು. ಸುಳ್ಳು ಹೇಳಿದ್ದಲ್ಲ ಅದು. ನಡೆಯುವವರ ಕಣ್ಣಿಗೆ ಎರಡು ಮೆಟ್ಟಿಲು ಮೆಟ್ಟಿಲೇ ಅಲ್ಲ. ರಸ್ತೆಯಿಂದ ಮಂಚದವರೆಗೆ ಹೋಗುವಾಗ ಎಷ್ಟು ಸಲ ಕಾಲೆತ್ತಬೇಕು ಎಂದು ಕೇಳಿದರೆ ಮಾತ್ರ ಸರಿಯಾದ ಉತ್ತರ ಬರುತ್ತದೆ.

ಬಚ್ಚಲ ಬಾಗಿಲಿಗೆ ಟೇಪು ಹಿಡಿದರು. 24 ಇಂಚು. ಕುರ್ಚಿ 25. ಒಂದಿಂಚಿಗಾಗಿ ರಾತ್ರಿಯೆಲ್ಲ ಯೋಚಿಸುವಂತಾಗಬಾರದೆಂದು ನಾನು ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದೆ. ಬಚ್ಚಲೊಳಗೆ ಒಂದು, ಹೊರಗೆ ವೀಲ್‌ಚೇರ್, ನಡುವೆ ಬಾಗಿಲ ಚೌಕಟ್ಟು ಹಿಡಿದು ಎರಡು ಹೆಜ್ಜೆ. ಮದುವೆಮನೆಯಲ್ಲಿ ಒಂದರ ಮೇಲೊಂದು ಪೇರಿಸುವ ಆ ಕೈಯಿರುವ ಕುರ್ಚಿಯಷ್ಟು ಉಪಕಾರಿ ವಸ್ತು ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ಬೆಳಿಗ್ಗೆ ಬೇಗ ಚೆನ್ನಕೇಶವನ ಗುಡಿಗೆ ಹೋದೆವು. ಐದು ಅಂತಸ್ತಿನ ರಾಯಗೋಪುರ ಹೊಯ್ಸಳರ ಕಾಲದ್ದಲ್ಲ. ಹಳೆಯದು ದಾಳಿಯಲ್ಲಿ ಹಾಳಾದ ಮೇಲೆ 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಕಟ್ಟಿಸಿದ್ದು. ಅದರಡಿಯ ಹೊಸ್ತಿಲನ್ನು ದಾಟಿದರೆ ವಿಶಾಲವಾದ ಕಲ್ಲುಹಾಸಿನ ಅಂಗಳ. ಇಲ್ಲಿ ವೀಲ್‌ಚೇರಿಗೆ ಸ್ವಾತಂತ್ರ್ಯವಿದೆ. ಇವರೇ ಚಕ್ರ ತಿರುಗಿಸಿಕೊಂಡು ನನ್ನಿಂದ ದೂರ ಹೋದರು, ನಾನು ಕೈಬೀಸಿಕೊಂಡು ನಡೆದೆ. ಇಬ್ಬರಿಗೂ ಅಪರೂಪವಾದ ಸುಖ ಇದು. ಎತ್ತರದ ದೀಪಸ್ತಂಭದ ಬುಡದಲ್ಲಿ ಇವರು ಬಹಳ ಹೊತ್ತು ನಿಂತರು, ಅಂದರೆ ಕುಳಿತರು. ಕಂಬ ಕಟ್ಟೆಗೆ ಅಂಟಿಕೊಂಡಿಲ್ಲ, ತನ್ನ ತೂಕದಿಂದಲೇ ನಿಂತಿದೆ, ಒಂದು ಅಂಚಿನಡಿಗೆ ಕಾಗದ ತೂರಿಸಬಹುದು ಎಂದು ಗೈಡುಗಳು ಹೇಳುತ್ತಾರೆ. ನಾವು ತೂರಿಸಿ ನೋಡಲಿಲ್ಲ. ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯ, ವೀರನಾರಾಯಣ, ಆಂಡಾಳ್ ಗುಡಿ, ಎಲ್ಲವನ್ನೂ ಹೊರಗಿನಿಂದ ಸುತ್ತಿದೆವು.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಮುಖ್ಯ ಗುಡಿಗೆ ಎರಡು ಹಂತದ ಏರು. ಮೊದಲು ಜಗತಿಗೆ, ಆಮೇಲೆ ಬಾಗಿಲಿಗೆ. ಮೆಟ್ಟಿಲ ಇಕ್ಕೆಲದಲ್ಲೂ ಪುಟ್ಟ ಗುಡಿಗಳು ಕಾವಲಿನಂತೆ ಇವೆ. ಇವರು ಟೇಪು ಬಿಚ್ಚಲಿಲ್ಲ, ಕಣ್ಣಳತೆಯಲ್ಲೇ ಲೆಕ್ಕ ಹಾಕಿದರು.

"ಜಗತಿ ನಾಲ್ಕಡಿ ಅಂತ ಇಟ್ಕೋ. ರ‍್ಯಾಂಪಿಗೆ ಒಂದಕ್ಕೆ ಹನ್ನೆರಡು ಓಟ ಬೇಕು. ಎಷ್ಟಾಯ್ತು?"

"ನಲವತ್ತೆಂಟು ಅಡಿ."

"ನಡುವೆ ತಂಗೋಕೆ ಜಾಗ ಬೇರೆ. ಐವತ್ತು ದಾಟುತ್ತೆ. ಇಲ್ಲಿಂದ ಎಳೆದ್ರೆ ಆ ಪುಟ್ಟ ಗುಡಿ ಪೂರ್ತಿ ಮುಚ್ಚಿಹೋಗುತ್ತೆ."

"ಹಾಗಾದ್ರೆ ಬೇಡ್ವಾ?"

"ಬೇಡ ಅಂದೆನಾ? ಕಲ್ಲಿಗೆ ಒಂದು ಮೊಳೆ ತಾಗದ ಹಾಗೆ ಮರದಲ್ಲಿ ಮಾಡಬಹುದು. ಶಿಲ್ಪ ಕಡಿಮೆ ಇರೋ ಮೂಲೆಗೆ, ಬಿಚ್ಚಿ ಜೋಡಿಸೋ ಹಾಗೆ. ಹದಿನಾರು ಮೂಲೆ ಬರೆದೋರು ಇದ್ದ ಸೀಮೆ ಇದು, ಒಂದು ಇಳಿಜಾರು ಬರೆಯೋಕೆ ಆಗಲ್ವಾ?"

ಕಾನೂನು ಬಹಳ ದೂರ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. ಇದಕ್ಕಾಗಿ ಇರುವ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ದೇಶದ ಅತ್ಯುನ್ನತ ನ್ಯಾಯಾಲಯ 2024ರ ನವೆಂಬರಿನಲ್ಲಿ ಹೇಳಿತು. ಒಂಬೈನೂರು ವರ್ಷದ ಕಲ್ಲಿನ ಕಟ್ಟೆಗೆ ಇವೆಲ್ಲ ಹೇಗೆ ಅನ್ವಯವಾಗಬೇಕೆಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ಸುಲಭದ್ದು ಎಂದು ಹೇಳುವವರನ್ನೂ, ಆಗುವುದೇ ಇಲ್ಲ ಎಂದು ಹೇಳುವವರನ್ನೂ ನಾನು ನಂಬುವುದಿಲ್ಲ.

ಮದನಿಕೆಯರನ್ನು ನೋಡುವ ಒಂದು ಉಪಾಯ ನಮಗೆ ಅಂಗಳದಲ್ಲೇ ಹೊಳೆಯಿತು. ಹೊರಗಿನ 38 ಮದನಿಕೆಯರು ಕಂಬದ ತಲೆಗೂ ಸೂರಿಗೂ ನಡುವೆ ಮುಂದಕ್ಕೆ ಬಾಗಿ ನಿಂತಿದ್ದಾರೆ, ಕೆಳಗಿರುವವರನ್ನು ನೋಡುವ ಹಾಗೆ. ಜಗತಿಯ ಮೇಲೆ ನಿಂತರೆ ತೀರಾ ನೆತ್ತಿಯ ಮೇಲೆ ಬರುತ್ತಾರೆ, ಕತ್ತು ಹಿಡಿಯುತ್ತದೆ. ಅಂಗಳದಲ್ಲಿ ಹಿಂದೆ ಸರಿದು, ವೀಲ್‌ಚೇರಿನ ಮುಂಚಕ್ರ ಎತ್ತಿ ಹಿಂದಕ್ಕೆ ವಾಲಿಸಿ, ಹಿಡಿಕೆಯ ಭಾರವನ್ನು ನನ್ನ ತೊಡೆಗೆ ಕೊಟ್ಟು ನಿಂತರೆ ಇವರಿಗೆ ಆರಾಮಕುರ್ಚಿಯಲ್ಲಿ ಒರಗಿದಂತೆ. ಒಬ್ಬೊಬ್ಬಳ ಮುಂದೆಯೂ ಹೀಗೆ ನಿಂತೆವು. ಕನ್ನಡಿ ಹಿಡಿದವಳು ಎಲ್ಲರಿಗೂ ಗೊತ್ತು. ಇವರಿಗೆ ಅವಳ ತಲೆಯ ಮೇಲಿನ ಎಲೆಬಳ್ಳಿಯ ಕಮಾನೇ ಹೆಚ್ಚು ಇಷ್ಟವಾಯಿತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ಇಷ್ಟು ತೆಳ್ಳಗೆ ಕೊರೆಯಲು ಆದದ್ದು ಎಂದರು. ನನ್ನ ತೊಡೆ ಜುಮ್ಮೆನ್ನುತ್ತಿತ್ತು. ಇನ್ನೂ ಹತ್ತಾರು ಜನ ಬಾಕಿ ಇದ್ದರು.

ಎತ್ತಿಕೊಂಡು ಹೋಗುತ್ತೇವೆಂದು ಇಬ್ಬರು ಮೂವರು ಮುಂದೆ ಬಂದರು. ಇವರು ಬೇಡವೆಂದರು. "ನೀನು ಹೋಗಿ ನೋಡಿ ಬಾ. ಫೋಟೋ ಬೇಡ, ಬಾಯಲ್ಲಿ ಹೇಳು."

ಒಳಗೆ ಕತ್ತಲು. ಎರಡನೆಯ ಬಲ್ಲಾಳನ ಕಾಲದಲ್ಲಿ ಸೇರಿಸಿದ ಜಾಲಂಧ್ರಗಳಿಂದ ಬರುವಷ್ಟೇ ಬೆಳಕು. ಕಂಬಗಳು ಒಂದೊಂದೂ ಬೇರೆ. ನಡುವಿನ ವೃತ್ತಾಕಾರದ ಕಲ್ಲುಹಾಸಿನ ಮೇಲೆ ಚಾವಣಿಯ ಕಡೆಗೆ ನಾಲ್ವರು ಮದನಿಕೆಯರು. ಹೊರಗೆ ಬಂದು ಹೇಳಲು ಹೋದರೆ ನನಗೆ ಮಾತೇ ಸಾಲದು. ನರಸಿಂಹ ಕಂಬ ಎಂದೆ. ಎಷ್ಟು ಎತ್ತರ, ಬುಡ ಚೌಕವೋ ದುಂಡೋ, ತಿರುಗಣಿಯ ಗೆರೆಗಳು ಎಲ್ಲಿಂದ ಶುರುವಾಗುತ್ತವೆ ಎಂದು ಕೇಳಿದರು. ಮತ್ತೆ ಒಳಗೆ ಹೋಗಿ ನೋಡಿ ಬಂದೆ. ಇನ್ನೊಂದು ಪ್ರಶ್ನೆ. ಮತ್ತೆ ಹೋದೆ. ಆ ಗುಡಿಯ ಒಳಗನ್ನು ನಾನು ಇಷ್ಟು ಗಮನವಿಟ್ಟು ಎಂದೂ ನೋಡಿರಲಿಲ್ಲ. ಇವರು ಅದನ್ನು ನೋಡಲೇ ಇಲ್ಲ ಎನ್ನುವುದೂ ಅಷ್ಟೇ ನಿಜ, ಒಂದಕ್ಕೊಂದು ಸರಿದೂಗುವುದಿಲ್ಲ.

ಹಳೇಬೀಡಿನ ಹಾಗಲ್ಲ, ಇಲ್ಲಿ ವೈಭವದ ಪೂಜೆ ನಿತ್ಯವೂ ನಡೆಯುತ್ತದೆ. ತೀರ್ಥ ಕೊಡುವಾಗ ಯಜಮಾನರು ಹೊರಗಿದ್ದಾರೆಂದು ಹೇಳಿದೆ. ಅರ್ಚಕರು ತುಳಸಿ ಕೊಟ್ಟು, "ಚೈತ್ರದಲ್ಲಿ ತೇರಿಗೆ ಕರ್ಕೊಂಡು ಬನ್ನಿ ತಾಯಿ. ಸ್ವಾಮಿಯೇ ಹೊರಗೆ ಬರ್ತಾನೆ" ಎಂದರು. ಉತ್ಸವಮೂರ್ತಿ ಇರುವುದೇ ಅದಕ್ಕಲ್ಲವೇ, ಒಳಗೆ ಬರಲಾಗದವರ ಬಳಿಗೆ ಹೋಗಲು. ಹೊರಗೆ ಬಂದು ಹೇಳಿದಾಗ ಇವರು ತುಳಸಿ ಬಾಯಿಗಿಟ್ಟುಕೊಂಡು, "ತೇರಿನ ದಿನ ಇಲ್ಲಿ ಕಾಲಿಡೋಕೆ ಜಾಗ ಇರಲ್ಲ, ಚಕ್ರ ಎಲ್ಲಿಡ್ತಾರೆ ಕೇಳಿದ್ಯಾ?" ಅಂದರು. ಕೇಳಿರಲಿಲ್ಲ.

ಮಧ್ಯಾಹ್ನ ಯಗಚಿ ಜಲಾಶಯದ ಹಿನ್ನೀರಿನ ಕಡೆಗೆ ಹೋದೆವು. ದೋಣಿ ಬಿಡುವ ಒಂದು ದಂಡೆಗೆ ಕಾರು ನೀರಿನ ಹತ್ತಿರದವರೆಗೂ ಹೋಗುತ್ತದೆ. ಅಲ್ಲಿಂದ ಮಣ್ಣಿನ ಇಳಿಜಾರು. ಆಮೇಲೆ ದಂಡೆಗೂ ದೋಣಿಗೂ ನಡುವೆ ಒಂದು ಹಲಗೆ. ದೋಣಿ ನಮ್ಮ ವೀಲ್‌ಚೇರಿಗೆ ಧಾರಾಳವಾಗಿ ಸಾಕಾಗುವಷ್ಟು ಅಗಲವಿತ್ತು. ಹಲಗೆ ಒಂದಡಿಯೂ ಇರಲಿಲ್ಲ. ದೋಣಿಯ ಹುಡುಗ, "ಸಾರ್, ನಾನು ಹೆಗಲ ಮೇಲೆ ಹೊತ್ಕೊಂಡು ಹೋಗ್ತೀನಿ, ಎಷ್ಟೋ ಅಜ್ಜ-ಅಜ್ಜೀರನ್ನ ಹೊತ್ತಿದೀನಿ" ಎಂದ. ಇವರಿಗೆ ನೆಲದ ಮೇಲೆ ಹೊರುವುದು ಬೇರೆ, ಅಲುಗಾಡುವ ಹಲಗೆಯ ಮೇಲೆ ಬೇರೆ. ಒಪ್ಪಲಿಲ್ಲ. ಹುಡುಗ ಬೇಸರಿಸದೆ, ಈಗ ನೀರು ಇಳಿದಿದೆ, ಜಲಾಶಯ ತುಂಬಿದಾಗ ದೋಣಿ ದಂಡೆಯ ಮಟ್ಟಕ್ಕೇ ಬರುತ್ತದೆ, ಆಗ ಇಳಿಜಾರಿನ ಕಷ್ಟವಿರದು ಎಂದ.

"ಯಾವಾಗ ತುಂಬುತ್ತಪ್ಪಾ?"

"ಮಲೆನಾಡಲ್ಲಿ ಚೆನ್ನಾಗಿ ಹೊಡೆದ್ರೆ ಆಗಸ್ಟಿಗೆ ಬರ್ಬೋದು ಸಾರ್. ಹೇಳೋಕಾಗಲ್ಲ."

ಇವರು ಟೇಪು ತೆಗೆದು ದೋಣಿಯ ಬಾಯಿ ಅಳೆಯಲು ಅವನ ಕೈಗೇ ಒಂದು ತುದಿ ಕೊಟ್ಟರು. ಹಳೇಬೀಡಿನ ಊಟದ ಬಿಲ್ಲಿನ ಹಿಂಬದಿಯಲ್ಲಿ ಒಂದು ಚಿತ್ರ ಬರೆದರು. ಹಲಗೆ ಏಳಡಿ ಉದ್ದ, ಮೂರಡಿ ಅಗಲ. ಎರಡೂ ಅಂಚಿಗೆ ಎರಡಿಂಚಿನ ರೀಪರ್, ಚಕ್ರ ಜಾರದಂತೆ. ದೋಣಿಗೆ ಸಿಕ್ಕಿಸಲು ತುದಿಯಲ್ಲಿ ಎರಡು ಕಬ್ಬಿಣದ ಕೊಕ್ಕೆ. ಹುಡುಗ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಓನರ್‌ಗೆ ತೋರಿಸುತ್ತೇನೆ ಎಂದ. ತೋರಿಸುತ್ತಾನೋ ಇಲ್ಲವೋ.

"ಪ್ಲೈವುಡ್ ಆದ್ರೆ ನಡೆಯುತ್ತಾ ಸಾರ್?"

"ಬೇಡ, ನೀರಿಗೆ ಉಬ್ಬುತ್ತೆ. ಮತ್ತಿ ಮರ ಸಿಗುತ್ತಾ ಇಲ್ಲಿ?"

"ವಿಚಾರಿಸ್ಬೇಕು."

"ವಿಚಾರಿಸು. ನನ್ನ ನಂಬರ್ ಬರ್ಕೋ."

ಡ್ರೈವರ್ ಅಷ್ಟರಲ್ಲಿ ಜಾರುಹಲಗೆಯನ್ನು ಸೀಟಿನ ಮೇಲಿಟ್ಟು, ಈಗ ಹೊರಟರೆ ಮಾತ್ರ ಅರಸೀಕೆರೆಯ ರೈಲು ಸಿಗುವುದು ಎಂದು ಎರಡನೆಯ ಸಲ ಹೇಳುತ್ತಿದ್ದ.